ಸರ್ಕಾರಿ ಶಾಲೆಯಲ್ಲಿ ತಾಯಿ ತಂದೆಯರ ಮಾತು ನಡೆಯಬೇಕಾದರೆ ಏನು ಮಾಡಬೇಕು?

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಯಾವ ಹಳ್ಳಿಯಲ್ಲಾದರೂ ಶಾಲೆಯ ಮಾತೆತ್ತಿ ನೋಡಿ. “ಅದು ಸರ್ಕಾರದ ಶಾಲೆ, ನಮ್ಮ ಮಾತು ಅಲ್ಲಿ ಯಾರು ಕೇಳುತ್ತಾರೆ?” ಎನ್ನುವವರೇ ಹೆಚ್ಚು. ಕಾನೂನು ಹಾಗೆ ಹೇಳುವುದಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸರ್ಕಾರಿ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಅಲ್ಲಿ ಓದುವ ಮಕ್ಕಳ ಪೋಷಕರೇ ಆಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಈ ಲೇಖನದಲ್ಲಿ ಬರುವ ಸೆಕ್ಷನ್ನುಗಳೆಲ್ಲ ಇದೇ ಕಾಯ್ದೆಯವು. ನಮ್ಮ ರಾಜ್ಯದಲ್ಲಿ ಈ ವ್ಯವಸ್ಥೆ ಕಾಯ್ದೆಗಿಂತಲೂ ಹಳೆಯದು. ಡಾ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಬೆನ್ನಲ್ಲೇ, 2001ರಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಹುಟ್ಟಿಕೊಂಡಿತು.

ಹಾಗಿದ್ದರೂ ಪೋಷಕರ ಮಾತು ಯಾಕೆ ನಡೆಯುವುದಿಲ್ಲ? ಎಸ್‌ಡಿಎಂಸಿ ಸಭೆಗಳಲ್ಲಿ ಕುಳಿತು, ಅವುಗಳ ಪುಸ್ತಕಗಳನ್ನು ತಿರುವಿ ನೋಡಿ ನನಗೆ ಮನದಟ್ಟಾದ ಕಾರಣ ಇದು: ಬಾಯಲ್ಲಿ ಹೇಳಿದ ಬೇಡಿಕೆ ಸಭೆ ಮುಗಿಯುತ್ತಲೇ ಮುಗಿಯುತ್ತದೆ. ಸಭೆಯ ತೀರ್ಮಾನ ಬರೆದಿಡುವ ನಡಾವಳಿ ಪುಸ್ತಕದಲ್ಲಿ ಬರೆಸಿದ ಬೇಡಿಕೆಗೆ ಯಾರಾದರೊಬ್ಬರು ಉತ್ತರ ಕೊಡಲೇಬೇಕಾಗುತ್ತದೆ. ಈ ಲೇಖನದ ತುಂಬ ಅದೇ ಮಾತು ಬೇರೆ ಬೇರೆ ಕಡೆ ಬರುತ್ತದೆ. ಓದು ಬಾರದ ತಾಯಂದಿರು ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇದ್ದರೆ ದಯವಿಟ್ಟು ಅವರಿಗೆ ಇದನ್ನು ಓದಿ ಹೇಳಿ. ಸಮಿತಿಯಲ್ಲಿ ಕೂರಬೇಕಾದವರು ಅವರೇ.

ಮೊದಲು: ಸಮಿತಿಯಲ್ಲಿ ಯಾರಿದ್ದಾರೆ?

ಶಾಲೆಗೆ ಹೋಗಿ ಎಸ್‌ಡಿಎಂಸಿ ಸದಸ್ಯರ ಪಟ್ಟಿ ಕೇಳಿ. ಬಹಳಷ್ಟು ಶಾಲೆಗಳಲ್ಲಿ ಅದು ಗೋಡೆಯ ಮೇಲೆಯೇ ಬರೆದಿರುತ್ತದೆ. ಪಟ್ಟಿಯಲ್ಲಿರುವ ಪೋಷಕ ಸದಸ್ಯರ ಮಕ್ಕಳು ಈಗಲೂ ಅದೇ ಶಾಲೆಯಲ್ಲಿ ಓದುತ್ತಿದ್ದಾರೆಯೇ ಎಂದು ನೋಡಿ. ಮಗು ಶಾಲೆ ಬಿಟ್ಟ ಮೇಲೆ ತಂದೆಯ ಸದಸ್ಯತ್ವ ಉಳಿಯುವುದಿಲ್ಲ. ಮಕ್ಕಳನ್ನು ಪಟ್ಟಣದ ಖಾಸಗಿ ಶಾಲೆಯ ವ್ಯಾನು ಹತ್ತಿಸಿ ಕಳುಹಿಸುವವರು ಹಳ್ಳಿಯ ಸರ್ಕಾರಿ ಶಾಲೆಯ ಅಧ್ಯಕ್ಷರಾಗಿರುವುದು ನಿಯಮಕ್ಕೂ ನ್ಯಾಯಕ್ಕೂ ವಿರುದ್ಧ.

ಸದಸ್ಯರನ್ನು ಆರಿಸಬೇಕಾದವರು ಪೋಷಕರ ಸಭೆಯಲ್ಲಿ ಸೇರಿದ ಪೋಷಕರೇ. ಊರಿನ ಮುಖಂಡರು ಕಟ್ಟೆಯ ಮೇಲೆ ಕುಳಿತು ಬರೆದ ಹೆಸರುಗಳಿಗೆ ಶಾಲೆಯಲ್ಲಿ ಚಪ್ಪಾಳೆ ತಟ್ಟಿಸಿದರೆ ಅದು ಆಯ್ಕೆಯಲ್ಲ. ಆಯ್ಕೆಯ ದಿನ ಗೊತ್ತಾದ ಕೂಡಲೇ ತಾಂಡಾ, ಕೇರಿ, ಓಣಿಗಳಿಂದ ಹೆಂಗಸರನ್ನು ಕರೆದುಕೊಂಡು ಹೋಗಿ. ಹೊಲದ ಕೆಲಸದ ಹೊತ್ತಿಗೆ ಸಭೆ ಇಟ್ಟರೆ ಬೆಳಿಗ್ಗೆ ಬೇಗ ಇಡಲು ಕೇಳಿ. ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಸಂಖ್ಯೆಗೆ ತಕ್ಕ ಸ್ಥಾನ ಸಿಗಬೇಕು ಎಂಬುದು ಕಾಯ್ದೆಯಲ್ಲೇ ಇದೆ. ಯಾರ ಕೃಪೆಯಿಂದಲೂ ಸಿಗಬೇಕಾದದ್ದಲ್ಲ.

ಮಗುವಿನ ಓದನ್ನು ನೀವೇ ನೋಡಿ

ಸಮಿತಿಯ ಸದಸ್ಯರಾಗದಿದ್ದರೂ ಪ್ರತಿಯೊಬ್ಬ ತಾಯಿ ತಂದೆಗೆ ಇರುವ ಕೆಲಸ ಇದು. ಇದರ ಮುಂದೆ ಮಿಕ್ಕದ್ದೆಲ್ಲ ಎರಡನೆಯದು. ಕಟ್ಟಡಕ್ಕೆ ಬಣ್ಣ ಬಳಿದು ಕಾಂಪೌಂಡ್ ಕಟ್ಟಿದ ಶಾಲೆಯಲ್ಲಿ ಐದನೇ ತರಗತಿಯ ಮಗು ಎರಡು ಸಾಲು ಕನ್ನಡ ಓದಲು ಬಾರದೆ ತಲೆ ತಗ್ಗಿಸಿ ನಿಂತಿದ್ದರೆ ಆ ಬಣ್ಣದಿಂದ ಯಾರಿಗೇನು ಬಂತು?

ಓದು ಬಾರದ ತಾಯಿಯೂ ಮಗುವಿನ ಓದನ್ನು ಪರೀಕ್ಷಿಸಬಹುದು. ಮೂರನೇ ತರಗತಿಯ ಮಗು ಎರಡನೇ ತರಗತಿಯ ಪುಸ್ತಕದ ಸಣ್ಣ ಪಾಠವೊಂದನ್ನು ಅಕ್ಷರ ಕೂಡಿಸಿಕೊಳ್ಳದೆ ಓದಬೇಕು, ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಬೇಕು. ಮಗು ಪಾಠವನ್ನು ಬಾಯಿಪಾಠ ಮಾಡಿಕೊಂಡಿದೆ ಎಂಬ ಅನುಮಾನ ಬಂದರೆ ಪುಸ್ತಕ ಬದಿಗಿಡಿ. ಬಸ್ಸಿನ ಬೋರ್ಡು, ನ್ಯಾಯಬೆಲೆ ಅಂಗಡಿಯ ಫಲಕ, ಬೀಜದ ಚೀಲದ ಮೇಲಿನ ಬರಹ ತೋರಿಸಿ ಓದಿಸಿ. ಅಂಗಡಿಗೆ ನೂರರ ನೋಟು ಕೊಟ್ಟು ಕಳುಹಿಸಿ, ಉಳಿದ ಚಿಲ್ಲರೆ ಎಷ್ಟೆಂದು ಮೊದಲೇ ಕೇಳಿ. ತಪ್ಪಿದರೆ ಹೊಡೆಯಬೇಡಿ, ಬೈಯಬೇಡಿ. ಎಲ್ಲಿ ತಡವರಿಸಿತು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಶಾಲೆಗೆ ಹೋಗಿ.

ಅಲ್ಲಿ “ನಮ್ಮ ಹುಡುಗ ಹೇಗಿದ್ದಾನೆ ಸರ್?” ಎಂದು ಕೇಳಿದರೆ “ಚೆನ್ನಾಗಿದ್ದಾನೆ, ಸ್ವಲ್ಪ ತುಂಟ” ಎಂಬ ಉತ್ತರ ಸಿಗುತ್ತದೆ. ಪ್ರಶ್ನೆ ಬದಲಿಸಿ. “ಸರ್, ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾನೆ. ದಶಕ ಕೂಡಿಸುವ ಲೆಕ್ಕ ಬರುತ್ತಿಲ್ಲ. ಏನು ಮಾಡೋಣ?” ಎಂದು ಕೇಳಿ. ಒಂದರಿಂದ ಮೂರನೇ ತರಗತಿಯವರೆಗೆ ನಲಿಕಲಿ (ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ಇದ್ದರೆ ಗೋಡೆಯ ಮೇಲಿನ ಪ್ರಗತಿ ನೋಟದಲ್ಲಿ ನಿಮ್ಮ ಮಗುವಿನ ಹೆಸರಿನ ಮುಂದೆ ಎಲ್ಲಿಯವರೆಗೆ ಗುರುತು ಹಾಕಿದ್ದಾರೆ ಎಂದು ತೋರಿಸಲು ಹೇಳಿ. ಮಗುವಿನ ಹಾಜರಾತಿ, ಕಲಿಕೆ, ಪ್ರಗತಿಯನ್ನು ಪೋಷಕರಿಗೆ ಸಭೆ ಕರೆದು ತಿಳಿಸುವುದು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಮೇಲೆ ಹೊರಿಸಿರುವ ಕರ್ತವ್ಯ. ಸಂಕಲನಾತ್ಮಕ ಮೌಲ್ಯಮಾಪನ, ಅಂದರೆ ಅವಧಿಯ ಕೊನೆಯ ಪರೀಕ್ಷೆ, ಮುಗಿದ ಮೇಲೆ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮ ಇಡುವುದೂ ಇದಕ್ಕಾಗಿಯೇ. ಆ ದಿನ ಕೂಲಿ ತಪ್ಪುತ್ತದೆ ನಿಜ. ಮನೆಯಿಂದ ಒಬ್ಬರಾದರೂ ಹೋಗಿ, ಉತ್ತರ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ನೋಡಿ.

ನಮ್ಮ ಭಾಗಕ್ಕೇ ಸೇರಿದ ಇನ್ನೊಂದು ಮಾತು. ಇಲ್ಲಿ ಮನೆಮಾತು ಕನ್ನಡವಲ್ಲದ ಮಕ್ಕಳು ಬಹಳ. ತಾಂಡಾದ ಮಗು ಲಂಬಾಣಿಯಲ್ಲಿ, ಸಿರುಗುಪ್ಪದ ಕಡೆಯ ಮಗು ತೆಲುಗಿನಲ್ಲಿ, ಇನ್ನೊಂದು ಮಗು ಉರ್ದುವಿನಲ್ಲಿ ಮಾತು ಕಲಿತು ಕನ್ನಡದ ಒಂದನೇ ತರಗತಿಗೆ ಬಂದು ಕೂರುತ್ತದೆ. ಅದು ಸುಮ್ಮನಿದ್ದರೆ ದಡ್ಡ ಎಂದು ಬರೆದುಬಿಡುವುದುಂಟು. ದಾಖಲಿಸುವ ದಿನವೇ ಮನೆಯಲ್ಲಿ ಯಾವ ಮಾತು ಎಂದು ಶಿಕ್ಷಕರಿಗೆ ಹೇಳಿ. ಆ ಭಾಷೆ ಬಲ್ಲ ದೊಡ್ಡ ಮಕ್ಕಳನ್ನೋ ತಾಯಂದಿರನ್ನೋ ಮೊದಲ ತಿಂಗಳುಗಳಲ್ಲಿ ತರಗತಿಗೆ ಕರೆಸಿಕೊಳ್ಳಬಹುದೇ ಎಂದು ಕೇಳಿ. ಖರ್ಚಿಲ್ಲದ ಕೆಲಸ, ಆದರೆ ಒಂದು ಮಗುವಿನ ಇಡೀ ಓದನ್ನು ಉಳಿಸಬಲ್ಲದು.

ನಡಾವಳಿ ಪುಸ್ತಕ

ಎಸ್‌ಡಿಎಂಸಿ ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಮುಖ್ಯ ಶಿಕ್ಷಕರು ಅದರ ಕಾರ್ಯದರ್ಶಿ, ಪೋಷಕರಲ್ಲೊಬ್ಬರು ಅಧ್ಯಕ್ಷರು. ಸಭೆಯಲ್ಲಿ ಆದ ತೀರ್ಮಾನಗಳನ್ನು ಬರೆದಿಡುವ ಉದ್ದನೆಯ ಪುಸ್ತಕವೇ ನಡಾವಳಿ ಪುಸ್ತಕ.

ಮಾನ್ವಿ ಕಡೆಯ ಒಂದು ಶಾಲೆಯಲ್ಲಿ ನಾನು ನೋಡಿದ ಪುಸ್ತಕದಲ್ಲಿ ಸಭೆಯಿಂದ ಸಭೆಗೆ ಒಂದೇ ಸಾಲು: “ಶಾಲೆಯ ಕುಂದುಕೊರತೆಗಳ ಬಗ್ಗೆ ಚರ್ಚಿಸಲಾಯಿತು.” ಕೆಳಗೆ ನೀಲಿ ಶಾಯಿಯ ಹೆಬ್ಬೆಟ್ಟುಗಳು, ನಡುಗುವ ಕೈಯ ಸಹಿಗಳು. ಒಂದು ಪುಟದಲ್ಲಿ ಮೇಲೆ ಏನೂ ಬರೆಯದೆಯೇ ಕೆಳಗೆ ಸಹಿಗಳಿದ್ದವು. ಆ ಶಾಲೆಯ ಹೆಣ್ಣುಮಕ್ಕಳ ಶೌಚಾಲಯದ ಟೈಲ್ಸ್ ಇನ್ನೂ ಹೊಸದಾಗಿತ್ತು, ಬಾಗಿಲಿಗೆ ಬೀಗವಿತ್ತು. ನೀರಿಲ್ಲ. ಊಟದ ಬಿಡುವಿನಲ್ಲಿ ಮನೆಗೆ ಹೋದ ಏಳನೇ ತರಗತಿಯ ಹುಡುಗಿಯರು ಮಧ್ಯಾಹ್ನ ಮರಳಿ ಬರುತ್ತಿರಲಿಲ್ಲ. ತಾಯಂದಿರೆಲ್ಲರಿಗೂ ಅದು ಗೊತ್ತಿತ್ತು, ಸಭೆಯಲ್ಲಿ ಹೇಳಿಯೂ ಇದ್ದರು. ಪುಸ್ತಕದಲ್ಲಿ ಮಾತ್ರ ‘ಶೌಚಾಲಯ’ ಎಂಬ ಪದವೇ ಇರಲಿಲ್ಲ. ಮೇಲಿನ ಅಧಿಕಾರಿ ಬಂದು ಪುಸ್ತಕ ನೋಡಿದರೆ ಆ ಶಾಲೆಗೆ ಯಾವ ತೊಂದರೆಯೂ ಇಲ್ಲ.

ಆದ್ದರಿಂದ ಸಹಿ ಮಾಡುವ ಮುಂಚೆ “ಸರ್, ಇದರಲ್ಲಿ ಏನು ಬರೆದಿದೆ, ಓದಿ ಹೇಳಿ” ಎನ್ನಿ. ಇದು ಜಗಳವಲ್ಲ, ಅವಿನಯವೂ ಅಲ್ಲ. ಸದಸ್ಯರಲ್ಲಿ ಓದು ಬಲ್ಲ ಒಬ್ಬರು ಗಟ್ಟಿಯಾಗಿ ಓದಲಿ. ಬೇಡಿಕೆಯನ್ನು ಠರಾವಿನ ರೂಪದಲ್ಲಿ ಬರೆಸಿ. ಹೀಗೆ:

“ನಮ್ಮ ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಸಂಪರ್ಕವಿಲ್ಲದ ಕಾರಣ ಜುಲೈ ತಿಂಗಳಿನಿಂದ ಬೀಗ ಹಾಕಲಾಗಿದೆ. ಇದರಿಂದ 6 ಮತ್ತು 7ನೇ ತರಗತಿಯ 31 ವಿದ್ಯಾರ್ಥಿನಿಯರಿಗೆ ತೊಂದರೆಯಾಗಿದೆ. ಇದೇ ತಿಂಗಳ 30ರೊಳಗೆ ನಳದ ಸಂಪರ್ಕ ಒದಗಿಸುವಂತೆ ಮುಖ್ಯ ಶಿಕ್ಷಕರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಪತ್ರ ಬರೆದು, ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಳುಹಿಸಬೇಕೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಮುಂದಿನ ಸಭೆಯ ಮೊದಲ ವಿಷಯವಾಗಿ ಇದರ ಪ್ರಗತಿಯನ್ನು ಪರಿಶೀಲಿಸಲಾಗುವುದು.”

ಏನು ತೊಂದರೆ, ಯಾವಾಗಿನಿಂದ, ಎಷ್ಟು ಮಕ್ಕಳಿಗೆ, ಯಾರು ಮಾಡಬೇಕು, ಯಾವ ದಿನದೊಳಗೆ: ಇವಿಷ್ಟೂ ಇರಬೇಕು. ಕೊನೆಯ ವಾಕ್ಯವನ್ನು ಬಿಡಲೇಬೇಡಿ. ಅದಿಲ್ಲದ ಠರಾವನ್ನು ಮುಂದಿನ ಸಭೆ ಮರೆತುಬಿಡುತ್ತದೆ. ಸಭೆ ಮುಗಿದ ಕೂಡಲೇ ಆ ಪುಟದ ಫೋಟೋವನ್ನು ಮೊಬೈಲ್‌ನಲ್ಲಿ ತೆಗೆದುಕೊಳ್ಳಿ.

ನಾನು ಕಂಡಂತೆ ಮುಖ್ಯ ಶಿಕ್ಷಕರಲ್ಲಿ ಹೆಚ್ಚಿನವರಿಗೆ ಇಂಥ ಠರಾವಿನಿಂದ ಅನುಕೂಲವೇ. ಅವರೊಬ್ಬರೇ ಕೇಳಿದರೆ ಮೇಲಿನವರು ಗದರಿಸಿ ಕಳುಹಿಸಬಹುದು. ಸಮಿತಿಯ ಠರಾವು ಕೈಯಲ್ಲಿದ್ದರೆ ಅವರ ಪತ್ರಕ್ಕೂ ತೂಕ ಬರುತ್ತದೆ.

ಹಣ ಎಲ್ಲಿಂದ, ಎಷ್ಟು?

ಸಮಗ್ರ ಶಿಕ್ಷಾ ಯೋಜನೆಯಲ್ಲಿ ಪ್ರತಿ ಸರ್ಕಾರಿ ಶಾಲೆಗೆ ವಾರ್ಷಿಕ ಶಾಲಾ ಅನುದಾನವಿದೆ. ಮೊತ್ತ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. ಮಾರ್ಗಸೂಚಿಯಂತೆ 101ರಿಂದ 250 ಮಕ್ಕಳಿರುವ ಶಾಲೆಗೆ 50,000 ರೂಪಾಯಿ, 251ರಿಂದ 1,000 ಮಕ್ಕಳಿದ್ದರೆ 75,000 ರೂಪಾಯಿ. ಅದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೆ. ಮಕ್ಕಳ ಶೂ, ಸಾಕ್ಸ್ ಖರೀದಿಯೂ ಎಸ್‌ಡಿಎಂಸಿ ಮೂಲಕವೇ ನಡೆಯುತ್ತದೆ. ಈಚಿನ ವರ್ಷಗಳಲ್ಲಿ ಒಂದರಿಂದ ಐದನೇ ತರಗತಿಯ ಮಗುವಿಗೆ 265 ರೂಪಾಯಿಯಂತೆ ಕೊಡಲಾಗಿದೆ. ಒಂದು ಜೊತೆಯನ್ನು ಕೈಯಲ್ಲಿ ಹಿಡಿದು, ಅಡಿಭಾಗವನ್ನು ಬಗ್ಗಿಸಿ ನೋಡಿದ ಮೇಲೆಯೇ ಬಿಲ್ಲಿಗೆ ಒಪ್ಪಿಗೆ ಕೊಡಿ.

ಶಾಲೆಯ ಖಾತೆ ಅಧ್ಯಕ್ಷರ ಮತ್ತು ಮುಖ್ಯ ಶಿಕ್ಷಕರ ಜಂಟಿ ಹೆಸರಿನಲ್ಲಿರುತ್ತದೆ. ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ಅಧ್ಯಕ್ಷರಲ್ಲದ ಪೋಷಕರು ಸಭೆಯಲ್ಲಿ ಪಾಸ್‌ಬುಕ್ ತೋರಿಸಲು ಕೇಳಬಹುದು. ಅನುದಾನದ ಬಳಕೆಯ ಮೇಲೆ ಕಣ್ಣಿಡುವುದು ಸಮಿತಿಯ ಕೆಲಸವೆಂದು 21ನೇ ಸೆಕ್ಷನ್ನೇ ಹೇಳುತ್ತದೆ.

ದೊಡ್ಡ ಕಾಮಗಾರಿಗೆ ಈ ಹಣ ಸಾಲದು. ಅದಕ್ಕಾಗಿ ಶಾಲಾ ಅಭಿವೃದ್ಧಿ ಯೋಜನೆಯನ್ನು ಸಮಿತಿ ತಯಾರಿಸಬೇಕು. ಸರ್ಕಾರದ ಅನುದಾನ ಇದೇ ಯೋಜನೆಯನ್ನು ಆಧರಿಸಿರಬೇಕು ಎಂದು 22ನೇ ಸೆಕ್ಷನ್ ಹೇಳುತ್ತದೆ. ಡಿಸೆಂಬರ್ ಒಳಗೆ ಅದು ಸಿದ್ಧವಾಗಿರಲಿ. ನಮ್ಮ ಜಿಲ್ಲೆಗಳಿಗೆ ಇನ್ನೊಂದು ಬಾಗಿಲೂ ಇದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡಲು 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಶಾಲಾ ಕೊಠಡಿಗಳಿಗೂ ಹಣ ಕೊಡುತ್ತದೆ. ದೇವದುರ್ಗದಂಥ ತಾಲ್ಲೂಕನ್ನು, ಪ್ರಾದೇಶಿಕ ಅಸಮಾನತೆಯನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲೇ ಅತ್ಯಂತ ಹಿಂದುಳಿದದ್ದು ಎಂದು ಗುರುತಿಸಿತ್ತು. ಹಣ ಬರಬೇಕಾದದ್ದು ಅಂಥ ತಾಲ್ಲೂಕುಗಳ ಶಾಲೆಗಳಿಗೆ. ಅಭಿವೃದ್ಧಿ ಯೋಜನೆಯ ಪ್ರತಿಯನ್ನು ಶಾಸಕರ ಕಚೇರಿಗೂ ಗ್ರಾಮ ಪಂಚಾಯಿತಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ.

ಒಂದು ಎಚ್ಚರಿಕೆ. 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯಬಹುದು ಎಂದು ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿ, ವಿರೋಧ ಬಂದ ಮೇಲೆ ಹಿಂಪಡೆಯಿತು. ಹಿಂಪಡೆದದ್ದು ಸರಿಯಾಯಿತು. ಉಚಿತ ಶಿಕ್ಷಣ ಸಂವಿಧಾನದ 21ಎ ವಿಧಿ ಕೊಟ್ಟ ಹಕ್ಕು. ಕಟ್ಟಡ, ಶಿಕ್ಷಕರು, ಕಲಿಕಾ ಸಾಮಗ್ರಿ ಸರ್ಕಾರದ ಹೊಣೆ ಎಂದು 8ನೇ ಸೆಕ್ಷನ್ ಬಿಡಿಸಿ ಹೇಳಿದೆ. ಮಗುವನ್ನು ಶಾಲೆಗೆ ಸೇರಿಸುವುದು ತಾಯಿ ತಂದೆಯರ ಕರ್ತವ್ಯ ಎಂದು 10ನೇ ಸೆಕ್ಷನ್ ಹೇಳುತ್ತದೆ. ನಾವು ಕೊಡಬೇಕಾದದ್ದು ಹೊತ್ತು ಮತ್ತು ಗಮನ. ಕೂಲಿಯವರ ಕಿಸೆಯಿಂದ ಸರ್ಕಾರ ತನ್ನ ಪಾಲಿನ ಖರ್ಚನ್ನು ತೆಗೆಯಬಾರದು. ಸ್ವಂತ ಇಚ್ಛೆಯಿಂದ ಯಾರಾದರೂ ಕೊಟ್ಟರೆ ರಸೀದಿ ಹಾಕಿ, ಖಾತೆಗೆ ಜಮಾ ಮಾಡಿಸಿ.

ಬಿಸಿಯೂಟ

ಅಕ್ಷರ ದಾಸೋಹ ರಾಜ್ಯದಲ್ಲಿ ಮೊದಲು ಶುರುವಾದದ್ದು 2002ರಲ್ಲಿ, ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿದಂತೆ ಏಳು ಜಿಲ್ಲೆಗಳಲ್ಲಿ. ಮೊಟ್ಟೆ ಕೊಡುವುದೂ 2021ರ ಡಿಸೆಂಬರ್‌ನಲ್ಲಿ ಮೊದಲು ಬಂದದ್ದು ಈ ಭಾಗಕ್ಕೆ. ನಮ್ಮ ಮಕ್ಕಳಲ್ಲಿ ಅಪೌಷ್ಟಿಕತೆ ಹೆಚ್ಚೆಂಬುದೇ ಅದಕ್ಕೆ ಕಾರಣ.

ನಿಗದಿಯಾದ ಅಳತೆ ಗೊತ್ತಿದ್ದರೆ ಸಾಕು, ಉಳಿದದ್ದನ್ನು ಕಣ್ಣೇ ಹೇಳುತ್ತದೆ. ಒಂದರಿಂದ ಐದನೇ ತರಗತಿಯ ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರರಿಂದ ಎಂಟಕ್ಕೆ 150, 30, 75 ಗ್ರಾಂ. ಐದನೇ ತರಗತಿಯವರೆಗಿನ 120 ಮಕ್ಕಳು ಹಾಜರಿದ್ದ ದಿನ ಎರಡು ಕಿಲೋ 400 ಗ್ರಾಂ ಬೇಳೆ, ಆರು ಕಿಲೋ ತರಕಾರಿ ಒಲೆಯ ಮೇಲಿರಬೇಕು. ಸಾರು ನೀರಾಗಿದ್ದರೆ ಮೊದಲು ಆ ದಿನ ಊಟಕ್ಕೆ ಬರೆದ ಮಕ್ಕಳ ಸಂಖ್ಯೆಯನ್ನು ಹಾಜರಿ ಪುಸ್ತಕದ ಜೊತೆ ತಾಳೆ ನೋಡಿ, ಆಮೇಲೆ ಅಡುಗೆಯವರನ್ನು ಕೇಳಿ. ಬಡಿಸುವ ಮುಂಚೆ ದೊಡ್ಡವರು ರುಚಿ ನೋಡಬೇಕೆಂಬ ನಿಯಮವಿದೆ. ತಾಯಂದಿರು ಸರದಿ ಹಾಕಿಕೊಂಡು ಆ ಹೊತ್ತಿಗೆ ಹೋಗಿ. ಅಡುಗೆ ಮಾಡುವ ಅಕ್ಕಂದಿರ ಮೇಲೆ ಹರಿಹಾಯಬೇಡಿ. ಅವರಿಗೆ ಸಿಗುವುದು ಅಲ್ಪ ಗೌರವಧನ, ಅದೂ ಎಷ್ಟೋ ಸಲ ತಡವಾಗಿ. ದೂರಿದ್ದರೆ ತಾಲ್ಲೂಕು ಪಂಚಾಯಿತಿಯಲ್ಲಿರುವ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ ಬರೆಯಿರಿ.

ಶಿಕ್ಷಕರಿಲ್ಲದಿದ್ದರೆ

ಒಂದರಿಂದ ಐದನೇ ತರಗತಿಯಲ್ಲಿ 60 ಮಕ್ಕಳವರೆಗೆ ಇಬ್ಬರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು ಶಿಕ್ಷಕರಿರಬೇಕು. ಆರರಿಂದ ಎಂಟಕ್ಕೆ 35 ಮಕ್ಕಳಿಗೊಬ್ಬರು. ಮಂಜೂರಾದ ಹುದ್ದೆಗಳಲ್ಲಿ ಶೇ 10ಕ್ಕಿಂತ ಹೆಚ್ಚು ಖಾಲಿ ಬಿಡಬಾರದೆಂದು 26ನೇ ಸೆಕ್ಷನ್ ಹೇಳುತ್ತದೆ. ನಮ್ಮ ಶಾಲೆಗಳಲ್ಲಿ ಇದು ಪಾಲನೆಯಾಗುತ್ತಿಲ್ಲ ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮಂಜೂರಾದ ಹುದ್ದೆ ಎಷ್ಟು, ಕೆಲಸ ಮಾಡುತ್ತಿರುವವರು ಎಷ್ಟು, ನಿಯೋಜನೆಯ ಮೇಲೆ ಬೇರೆಡೆ ಹೋದವರು ಎಷ್ಟು ಎಂದು ಜೂನ್ ತಿಂಗಳ ಸಭೆಯಲ್ಲೇ ಬರೆಸಿ, ಅತಿಥಿ ಶಿಕ್ಷಕರಿಗಾಗಿ ಠರಾವು ಮಾಡಿ ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಳುಹಿಸಿ. ಆಗಸ್ಟ್‌ವರೆಗೆ ಕಾದರೆ ಅರ್ಧ ಪಾಠ ಹೋಗಿರುತ್ತದೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಎಳೆದರೆ ಅದು 27ನೇ ಸೆಕ್ಷನ್‌ಗೆ ವಿರುದ್ಧ. ಈ ವಿಷಯದಲ್ಲಿ ಪೋಷಕರು ಶಿಕ್ಷಕರ ಪರವಾಗಿ ನಿಲ್ಲಬೇಕು.

ಶಾಲೆಗೆ ಬೀಗ ಜಡಿದು ಪ್ರತಿಭಟಿಸುವ ಪದ್ಧತಿ ನಮ್ಮಲ್ಲಿದೆ. ನಾನು ಅದನ್ನು ಒಪ್ಪುವುದಿಲ್ಲ. ಪಾಠ ಕಳೆದುಕೊಳ್ಳುವವರು ನಮ್ಮದೇ ಮಕ್ಕಳು. ಮಕ್ಕಳನ್ನು ತರಗತಿಯಲ್ಲಿ ಕೂರಿಸಿ, ದೊಡ್ಡವರು ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿ ಮುಂದೆ ಹೋಗಿ ಕೂರೋಣ.

ಗುಳೆ ಹೋಗುವ ಮುಂಚೆ

ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಕಬ್ಬು ಕಡಿಯಲು, ಮೆಣಸಿನಕಾಯಿ ಬಿಡಿಸಲು ಕುಟುಂಬಗಳು ಹೊರಡುತ್ತವೆ. ಮೂಟೆ ಕಟ್ಟುವ ಮುಂಚೆ ಶಾಲೆಗೆ ಹೋಗಿ ಮುಖ್ಯ ಶಿಕ್ಷಕರಿಗೆ ತಿಳಿಸಿ. ಅಜ್ಜಿಯ ಹತ್ತಿರ ಮಗುವನ್ನು ಬಿಡಲು ಆಗುವುದಾದರೆ ಅದೇ ಒಳ್ಳೆಯದು. ಆಗದಿದ್ದರೆ ಗುಳೆ ಹೋಗುವವರ ಮಕ್ಕಳಿಗಾಗಿ ಋತುಮಾನ ವಸತಿ ವ್ಯವಸ್ಥೆ ನಿಮ್ಮ ತಾಲ್ಲೂಕಿನಲ್ಲಿ ತೆರೆದಿದೆಯೇ ಎಂದು ಕೇಳಿ; ತೆರೆದಿಲ್ಲದಿದ್ದರೆ ಹೊರಡುವ ಮಕ್ಕಳ ಸಂಖ್ಯೆ ಸಹಿತ ದಸರೆಗೆ ಮೊದಲೇ ಠರಾವು ಕಳುಹಿಸಿ. ಕರೆದುಕೊಂಡೇ ಹೋಗಬೇಕಾದರೆ ಮಗುವಿನ ಸ್ಯಾಟ್ಸ್ ಸಂಖ್ಯೆಯನ್ನು (ಶಾಲಾ ದಾಖಲೆಯಲ್ಲಿ ಮಗುವಿಗೆ ಇರುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಹೋದ ಊರಿನ ಸರ್ಕಾರಿ ಶಾಲೆ ವರ್ಗಾವಣೆ ಪತ್ರ ತಡವಾಯಿತೆಂದು ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. 5ನೇ ಸೆಕ್ಷನ್ ಅದನ್ನು ತಡೆಯುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂದೂ ಹಿಂದೆ ಕಳುಹಿಸುವಂತಿಲ್ಲ.

ಹತ್ತಿ ಬೀಜೋತ್ಪಾದನೆಯ ಹೊಲಗಳಿಗೆ ಹೂವು ಕ್ರಾಸ್ ಮಾಡಲು ಮಕ್ಕಳನ್ನು ಕೂಲಿಗೆ ಕರೆಯುತ್ತಾರೆ, ಸಣ್ಣ ಬೆರಳು ಬೇಕೆನ್ನುತ್ತಾರೆ. 14 ವರ್ಷದೊಳಗಿನ ಮಗುವನ್ನು ಕೂಲಿಗೆ ಕಳುಹಿಸುವುದು ಅಪರಾಧ. ಕಣ್ಣಿಗೆ ಬಿದ್ದರೆ 1098ಕ್ಕೆ ಕರೆ ಮಾಡಿ.

ಯಾರೂ ಕೇಳದಿದ್ದರೆ

ಮುಖ್ಯ ಶಿಕ್ಷಕರು, ಸಿಆರ್‌ಪಿ (ಅಕ್ಕಪಕ್ಕದ ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ), ಕ್ಷೇತ್ರ ಶಿಕ್ಷಣಾಧಿಕಾರಿ, ಜಿಲ್ಲಾ ಉಪನಿರ್ದೇಶಕರು: ಈ ಕ್ರಮದಲ್ಲೇ ಹೋಗಿ. ಪ್ರತಿ ಮೆಟ್ಟಿಲಲ್ಲೂ ಠರಾವಿನ ಪ್ರತಿ ಲಗತ್ತಿಸಿ, ನಿಮ್ಮ ಪ್ರತಿಯ ಮೇಲೆ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಹಾಕುವುದಿಲ್ಲ ಎಂದರೆ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ. 32ನೇ ಸೆಕ್ಷನ್‌ನಡಿ ಸ್ಥಳೀಯ ಪ್ರಾಧಿಕಾರಕ್ಕೆ ಕೊಟ್ಟ ಲಿಖಿತ ದೂರು ಮೂರು ತಿಂಗಳಲ್ಲಿ ಇತ್ಯರ್ಥವಾಗಬೇಕು. ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಮಗುವನ್ನು ಹೊಡೆದಿದ್ದರೆ ಅಥವಾ ಜಾತಿ ಹಿಡಿದು ಅವಮಾನಿಸಿದ್ದರೆ ಈ ಮೆಟ್ಟಿಲುಗಳನ್ನೆಲ್ಲ ಕಾಯಬೇಡಿ, ನೇರವಾಗಿ ಆಯೋಗಕ್ಕೂ ಪೊಲೀಸರಿಗೂ ಹೋಗಿ.

ಹಣದ ಲೆಕ್ಕವೋ ನಿಯೋಜನೆಯ ಆದೇಶವೋ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದಗಳೊಳಗೆ ಇರಬೇಕು. ಉತ್ತರಕ್ಕೆ 30 ದಿನ. ಸಭೆಯಲ್ಲಿ ಕೇಳಿ ನೋಡದೆ ಮೊದಲ ಹೆಜ್ಜೆಯಾಗಿ ಇದನ್ನು ಹಾಕಬೇಡಿ. ಹಾಕಿದ ದಿನದಿಂದ ಶಿಕ್ಷಕರು ನಿಮ್ಮೊಡನೆ ಮನಸ್ಸು ಬಿಚ್ಚಿ ಮಾತನಾಡುವುದನ್ನು ನಿಲ್ಲಿಸಬಹುದು.

ಠರಾವಿನ ಪ್ರತಿ, ಸ್ವೀಕೃತಿ, ಬಂದ ಉತ್ತರ ಎಲ್ಲವೂ ಒಂದು ಕಡತದಲ್ಲಿರಲಿ. ನಿಮ್ಮ ಮಗು ಆ ಶಾಲೆಯ ಕೊನೆಯ ತರಗತಿ ಮುಗಿಸಿದಾಗ ನಿಮ್ಮ ಸದಸ್ಯತ್ವವೂ ಮುಗಿಯುತ್ತದೆ. ಆಗ ಆ ಕಡತವನ್ನು ಮನೆಗೆ ಒಯ್ಯಬೇಡಿ. ಸಭೆಯಲ್ಲಿ ಹೊಸ ಅಧ್ಯಕ್ಷರ ಕೈಗೆ ಕೊಟ್ಟು, ಯಾವ ಅರ್ಜಿ ಯಾವ ಕಚೇರಿಯಲ್ಲಿ ನಿಂತಿದೆ ಎಂದು ತಿಳಿಸಿ, ಕಡತ ಹಸ್ತಾಂತರಿಸಿದ್ದನ್ನೂ ನಡಾವಳಿ ಪುಸ್ತಕದಲ್ಲಿ ಬರೆಸಿ.